ಗೈಡು ಮತ್ತು ಗ್ರಂಥ: ದೂರಶಿಕ್ಷಣದ ಮಾರಾಟ ಕುರಿತು ಒಂದು ನೀತಿವಿಚಾರ

ಆಹಾರ, ಔಷಧ, ಅಭಯಗಳೊಡನೆ ಶಾಸ್ತ್ರವನ್ನೂ ಸೇರಿಸಿ ಚತುರ್ವಿಧ ದಾನಗಳನ್ನು ಹೇಳಿದ್ದು ಜೈನ ಶ್ರಾವಕಾಚಾರದ ವೈಶಿಷ್ಟ್ಯ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಸಂಗತಿ ಕನ್ನಡ ನಾಡಿನಲ್ಲಿ ಎಲ್ಲರಿಗೂ ಪರಿಚಿತವಾದುದು. ಪ್ರತಿಯನ್ನು ಪಡೆದವನಿಗೆ ಅದು ದಾನವೇ ಹೌದು. ಆದರೆ ಓಲೆಗರಿಗೆ ಬೆಲೆಯಿತ್ತು, ಲಿಪಿಕಾರನಿಗೆ ಹೊಟ್ಟೆಯಿತ್ತು. ಆ ವೆಚ್ಚವನ್ನು ದಾನಿಯೊಬ್ಬಳು ವಹಿಸಿದ್ದಳು. ದಾನಿಯಿಲ್ಲದ ಕಡೆ ಆ ವೆಚ್ಚವನ್ನು ಹೊರುವವರಾರು? ದೂರಶಿಕ್ಷಣದ ವಿದ್ಯಾರ್ಥಿಗಳೇ ಕಟ್ಟಿಕೊಂಡ ಬಳಗಗಳು ತಮ್ಮ ನಿರ್ವಹಣೆಗಾಗಿ ಗೈಡುಗಳನ್ನು ಮಾರತೊಡಗಿದಾಗ ಏಳುವ ಪ್ರಶ್ನೆ ಇದೇ ಆಗಿದೆ.

ಈ ಪ್ರಶ್ನೆಯನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಂತಹ ಊರುಗಳಲ್ಲಿ ನಿಂತು ನೋಡುವುದು ಉಚಿತ. ವಿಜಯಪುರ ಜಿಲ್ಲೆಯ ಸಾಕ್ಷರತೆ 2011ರ ಜನಗಣತಿಯಂತೆ ಶೇಕಡಾ 67.15, ಸ್ತ್ರೀಯರಲ್ಲಿ ಶೇಕಡಾ 56.72 ಮಾತ್ರ. ಅದೇ ಗಣತಿಯಲ್ಲಿ ರಾಜ್ಯದ ಸರಾಸರಿ 75.36. ಮದುವೆಯಿಂದ ಓದು ನಿಂತ ಹೆಣ್ಣುಮಗಳು, ಹಗಲು ಅಂಗಡಿಯಲ್ಲಿ ದುಡಿಯುವ ಯುವಕ, ಬಡ್ತಿಗಾಗಿ ಪದವಿ ಬೇಕಾದ ನೌಕರ, ಇಂತಹವರಿಗೆ ಕಾಲೇಜಿನ ಬಾಗಿಲು ಮುಚ್ಚಿದ ಮೇಲೂ ತೆರೆದಿರುವುದು ಅಂಚೆ ತೆರಪಿನ ಶಿಕ್ಷಣವೊಂದೇ. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ಈ ಬಗೆಯ ಶಿಕ್ಷಣವನ್ನು ಆರಂಭಿಸಿತು. 1985ರಲ್ಲಿ ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವೂ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವೂ ಸ್ಥಾಪನೆಗೊಂಡವು.

ದೂರಶಿಕ್ಷಣದಲ್ಲಿ ಗುರುವಿನ ಸ್ಥಾನವನ್ನು ತುಂಬುವುದು ಸಿದ್ಧಪಾಠ. ಘಟಕದ ಉದ್ದೇಶ, ವಿವರಣೆ, ನಡುನಡುವೆ ಸ್ವಪರೀಕ್ಷೆಯ ಪ್ರಶ್ನೆಗಳು, ಕೊನೆಯಲ್ಲಿ ಅವುಗಳಿಗೆ ಉತ್ತರ, ಹೀಗೆ ಏಕಾಂತದ ಓದುಗನೊಡನೆ ಮಾತನಾಡುವಂತೆ ಅದನ್ನು ರಚಿಸಲಾಗಿರುತ್ತದೆ. ಅಂದರೆ ಸಿದ್ಧಪಾಠವೇ ಒಂದು ಮಾರ್ಗದರ್ಶಿ. ಅದಕ್ಕೆ ಮತ್ತೊಂದು ಗೈಡು ಬೇಕೆನ್ನುವುದು ಮೇಲ್ನೋಟಕ್ಕೆ ವಿಚಿತ್ರವೆನಿಸುತ್ತದೆ. ಆದರೆ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯದ ಬಹುಪಾಲು ಪಾಠಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿವೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮುದ್ದೇಬಿಹಾಳದ ವಿದ್ಯಾರ್ಥಿಗೆ ಆ ಪಾಠ ಉಚಿತವಾಗಿ ದೊರೆತರೂ ಅರ್ಥ ದೊರೆಯುವುದಿಲ್ಲ. ಅಲ್ಲಿ ಕನ್ನಡದ ವಿವರಣೆಯೊಂದು ನಿಜವಾದ ಉಪಕಾರವೇ ಸರಿ.

ಬಳಗಗಳ ಹುಟ್ಟೂ ಇಂತಹ ಉಪಕಾರದಿಂದಲೇ. ಪ್ರವೇಶದ ಕೊನೆಯ ದಿನಾಂಕ, ಪರೀಕ್ಷಾ ಶುಲ್ಕ, ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ ಇವುಗಳನ್ನು ಮೊದಲು ತಿಳಿದವನು ಉಳಿದವರಿಗೆ ತಿಳಿಸುತ್ತಾನೆ. ಕೇಳುವವರು ಹೆಚ್ಚಿದಂತೆ ಮುದ್ರಣ, ಅಂಚೆ, ದೂರವಾಣಿಗಳ ವೆಚ್ಚ ಹೆಚ್ಚುತ್ತದೆ. ಅದನ್ನು ತುಂಬಿಕೊಳ್ಳಲು ಗೈಡಿಗೆ ಬೆಲೆ ನಿಗದಿಯಾಗುತ್ತದೆ. ಇಷ್ಟರಿಂದಲೇ ಅದನ್ನು ವಿದ್ಯಾವಿಕ್ರಯವೆಂದು ಹಳಿಯುವುದು ನ್ಯಾಯವಲ್ಲ. ವಿಜಯಪುರದಲ್ಲಿಯೇ ಫ.ಗು. ಹಳಕಟ್ಟಿಯವರು ಮನೆಯನ್ನು ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅಚ್ಚಿನ ಮನೆ ನಡೆಯಬೇಕಾದರೆ ಹಣ ಬೇಕೇ ಬೇಕು. ಓದುಗನಿಂದ ಹಣ ಪಡೆದುದು ಅಲ್ಲಿ ದೋಷವೆನಿಸಲಿಲ್ಲ. ಏಕೆಂದರೆ ಆ ಹಣ ಗ್ರಂಥಕ್ಕಾಗಿ ಇತ್ತು, ಹಣಕ್ಕಾಗಿ ಗ್ರಂಥವಿರಲಿಲ್ಲ.

ಕಾನೂನೂ ಗೈಡಿನ ಬಗ್ಗೆ ಕಠಿಣವಾಗಿಲ್ಲ. ಇ.ಎಂ. ಫಾರ್ಸ್ಟರ್ ಅವರ ‘ಎ ಪ್ಯಾಸೇಜ್ ಟು ಇಂಡಿಯಾ’ ಕಾದಂಬರಿಗೆ ವಿದ್ಯಾರ್ಥಿಗಳಿಗಾಗಿ ಬರೆದ ಗೈಡೊಂದರ ಮೊಕದ್ದಮೆಯಲ್ಲಿ, ಅದು ಹಕ್ಕುಸ್ವಾಮ್ಯದ ಉಲ್ಲಂಘನೆಯಲ್ಲವೆಂಬ ಮದರಾಸು ಉಚ್ಚ ನ್ಯಾಯಾಲಯದ ತೀರ್ಪು 1964ರಲ್ಲಿ ವರದಿಯಾಯಿತು. ಗಣಿತದ ಪಠ್ಯಪುಸ್ತಕದ ಲೆಕ್ಕಗಳನ್ನು ಬಿಡಿಸಿ ತೋರಿಸಿದ ಗೈಡುಗಳ ವಿಷಯದಲ್ಲಿ ದೆಹಲಿ ಉಚ್ಚ ನ್ಯಾಯಾಲಯವು 2008ರಲ್ಲಿ ತಡೆಯಾಜ್ಞೆ ನೀಡಲು ಒಪ್ಪಲಿಲ್ಲ. ಆದರೆ ಕಾನೂನು ಶಿಕ್ಷಿಸದಿರುವುದೆಲ್ಲವನ್ನೂ ನೀತಿ ಮೆಚ್ಚುತ್ತದೆಯೆಂದು ಭಾವಿಸಲಾಗದು. ಗೈಡಿನ ಪರೀಕ್ಷೆ ಆರಂಭವಾಗುವುದು ನ್ಯಾಯಾಲಯದ ಅಂಗಳ ದಾಟಿದ ಮೇಲೆ.

ಪೇಟೆಯಲ್ಲಿ ಬಹುವಾಗಿ ಬಿಕರಿಯಾಗುವ ಗೈಡುಗಳನ್ನು ಗುಣದೃಷ್ಟಿಯಿಂದ ನೋಡಿದರೆ ಮೂರು ದೋಷಗಳು ಎದ್ದು ಕಾಣುತ್ತವೆ. ಒಂದು, ಇಡೀ ಪಾಠವನ್ನು ಹತ್ತು ಹದಿನೈದು ಸಂಭವನೀಯ ಪ್ರಶ್ನೆಗಳಿಗೆ ಇಳಿಸುವುದು. ಎರಡು, ಪಠ್ಯಕ್ರಮ ಬದಲಾದರೂ ಹಳೆಯ ತಿರುಳಿಗೆ ಹೊಸ ರಕ್ಷಾಪುಟ ಹೊದಿಸುವುದು. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು: ಬಿಡಿಸಿದ ಅಸೈನ್‌ಮೆಂಟುಗಳ ಮಾರಾಟ. ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯದ ಹಲವು ಕೋರ್ಸುಗಳಲ್ಲಿ ಅಸೈನ್‌ಮೆಂಟಿಗೆ ಶೇಕಡಾ 30ರಷ್ಟು ತೂಕವಿದೆ. ವಿದ್ಯಾರ್ಥಿ ತಾನೇ ಬರೆಯಲೆಂದು, ಬರೆದುದನ್ನು ಕಂಡು ಅಧ್ಯಾಪಕನು ತಿದ್ದಲೆಂದು ಏರ್ಪಟ್ಟ ವ್ಯವಸ್ಥೆಯದು. ಕೊಂಡು ತಂದ ಉತ್ತರವನ್ನು ನಕಲು ಮಾಡಿ ಒಪ್ಪಿಸಿದಾಗ ಗುರುಶಿಷ್ಯರ ನಡುವೆ ಉಳಿದಿದ್ದ ಒಂದೇ ಒಂದು ಎಳೆಯೂ ಹರಿದುಹೋಗುತ್ತದೆ.

ಅಸ್ತೇಯವ್ರತದ ಅತಿಚಾರಗಳನ್ನು ಎಣಿಸುವಾಗ ಆಚಾರ್ಯರು ‘ಪ್ರತಿರೂಪಕ ವ್ಯವಹಾರ’ವೆಂಬುದನ್ನು ಸೇರಿಸಿದ್ದಾರೆ. ಅಸಲಿನಂತೆ ಕಾಣುವ ನಕಲಿಯನ್ನು ಅಸಲಿನ ಸ್ಥಾನದಲ್ಲಿ ಮಾರುವುದೇ ಅದು. ತುಪ್ಪದಲ್ಲಿ ಕೊಬ್ಬು ಬೆರೆಸುವ ವ್ಯಾಪಾರಿಗೆ ಅನ್ವಯಿಸುವ ಈ ಮಾತು ವಿದ್ಯೆಯ ವ್ಯಾಪಾರಿಗೂ ಅನ್ವಯಿಸಬೇಕು. ಪಾಠವನ್ನು ತಿಳಿಯಲು ನೆರವಾಗುವ ಗೈಡು ಗ್ರಂಥದ ಸೇವಕ. ಪಾಠವನ್ನು ಓದುವುದೇ ಬೇಡವೆಂದು ಭರವಸೆ ನೀಡುವ ಗೈಡು ಗ್ರಂಥದ ಪ್ರತಿರೂಪಕ. ಬೆಲೆ ಹತ್ತು ರೂಪಾಯಿಯಿರಲಿ, ಸಾವಿರವಿರಲಿ, ಈ ಭೇದ ಅಳಿಯುವುದಿಲ್ಲ.

ಬಳಗದ ವಿಷಯದಲ್ಲಿ ಇನ್ನೂ ಸೂಕ್ಷ್ಮವಾದ ಅಪಾಯವಿದೆ. ಮಾರಾಟದಿಂದಲೇ ಬದುಕುವ ಬಳಗಕ್ಕೆ ಕೊಳ್ಳುವವರು ಕಡಿಮೆಯಾಗಬಾರದು. ಸದಸ್ಯನು ಸ್ವತಂತ್ರವಾಗಿ ಓದಬಲ್ಲವನಾದರೆ ಗೈಡು ಕೊಳ್ಳುವುದಿಲ್ಲ, ಅಂಜುತ್ತಿದ್ದರೆ ಕೊಳ್ಳುತ್ತಾನೆ. ಹೀಗೆ ಅಂಜಿಕೆಯನ್ನು ಕಳೆಯಲು ಹುಟ್ಟಿದ ಸಂಸ್ಥೆಗೆ ಅಂಜಿಕೆಯೇ ಆದಾಯದ ಮೂಲವಾಗುತ್ತದೆ. ಉಚಿತವಾಗಿ ಸಿಗುತ್ತಿದ್ದ ಮಾಹಿತಿ ಮೆಲ್ಲನೆ ಗೈಡಿನೊಳಗೆ ಸೇರಿಕೊಳ್ಳುತ್ತದೆ. ಇದನ್ನು ಯಾರೂ ದುರುದ್ದೇಶದಿಂದ ಮಾಡಬೇಕಾಗಿಲ್ಲ; ತಿಂಗಳ ಲೆಕ್ಕವೇ ಮಾಡಿಸುತ್ತದೆ. ಪರಿಗ್ರಹಕ್ಕೆ ಪರಿಮಾಣವಿರಬೇಕೆಂದು ಗೃಹಸ್ಥನಿಗೆ ವಿಧಿಸಿದುದು ಇಂತಹ ಜಾರಿಕೆಯನ್ನು ಅರಿತೇ.

ವಿದ್ಯೆಯ ಹಂಚಿಕೆ ನಿಯಮದ ಗಡಿ ದಾಟಿದಾಗ ದಂಡ ತೆರುವವರು ಯಾರೆಂಬುದಕ್ಕೆ ರಾಜ್ಯದ ಅನುಭವವೇ ಇದೆ. ತನ್ನ ವ್ಯಾಪ್ತಿಯ ಹೊರಗೆ, ಖಾಸಗಿ ಸಂಸ್ಥೆಗಳ ಸಹಯೋಗದಲ್ಲಿ ಕೋರ್ಸುಗಳನ್ನು ನಡೆಸಿತೆಂಬ ಕಾರಣದಿಂದ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2012-13ರ ನಂತರದ ಮಾನ್ಯತೆ ಇಲ್ಲವೆಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2015ರಲ್ಲಿ ಪ್ರಕಟಿಸಿತು. ಮಾನ್ಯತೆ ಮರಳಿದುದು 2018ರಲ್ಲಿ. ನಡುವಿನ ವರ್ಷಗಳಲ್ಲಿ ಸೇರಿದ್ದ ವಿದ್ಯಾರ್ಥಿಗಳು ತಮ್ಮದಲ್ಲದ ತಪ್ಪಿಗೆ ಸಂಕಟಪಟ್ಟರು. ಬಳಗವು ಮಾರುವ ಗೈಡು ಚಿಕ್ಕ ವಸ್ತುವೇ ಇರಬಹುದು. ಆದರೆ ಅಲ್ಲಿಯೂ ಕೊಡುವವನ ತಪ್ಪಿಗೆ ತಲೆಗೊಡುವವನು ಪಡೆಯುವವನೇ.

ಬಡ ವಿದ್ಯಾರ್ಥಿಗೆ ಸಮಯವೆಲ್ಲಿದೆ, ಉತ್ತೀರ್ಣನಾದರೆ ಸಾಕಲ್ಲವೇ ಎಂಬ ಆಕ್ಷೇಪಣೆ ಹಗುರವಾದುದಲ್ಲ. ಹೊಲದಿಂದ ಬಂದು, ಮಕ್ಕಳನ್ನು ಮಲಗಿಸಿ, ರಾತ್ರಿ ಪುಸ್ತಕ ತೆರೆಯುವ ಇಂಡಿಯ ತಾಯಿಗೆ ಸಂಕ್ಷೇಪ ಬೇಕು. ಅದನ್ನು ಕೊಡದಿರುವುದು ನಿರ್ದಯೆ. ಆದರೆ ಆಕೆ ಕಳೆದುಕೊಂಡದ್ದು ಪ್ರಮಾಣಪತ್ರವನ್ನಷ್ಟೇ ಅಲ್ಲ, ಕಲಿಯುವ ಅವಕಾಶವನ್ನು. ನಾಳೆ ಅವಳು ಶಿಕ್ಷಕಿಯಾಗಿ ಮಕ್ಕಳ ಮುಂದೆ ನಿಂತಾಗ ಕೊಂಡ ಉತ್ತರ ಕೈಗೆ ಬರುವುದಿಲ್ಲ. ಆಕೆಗೆ ಪ್ರಮಾಣಪತ್ರವನ್ನು ಮಾತ್ರ ದೊರಕಿಸಿ ಕಲಿಕೆಯನ್ನು ತಪ್ಪಿಸುವುದು ದಯೆಯ ಹೆಸರಿನಲ್ಲಿ ಎರಡನೆಯ ಬಾರಿ ಮಾಡಿದ ಅನ್ಯಾಯವಾದೀತು.

ಆದುದರಿಂದ ಬಳಗವು ಗೈಡನ್ನು ಮಾರಲಿ. ಮಾರುವಾಗ ಕೆಲವು ಕಟ್ಟುಗಳನ್ನು ತಾನೇ ಹಾಕಿಕೊಳ್ಳಲಿ. ಮುದ್ರಣದ ವೆಚ್ಚವನ್ನೂ ಉಳಿಯುವ ಹಣದ ವಿನಿಯೋಗವನ್ನೂ ಬಹಿರಂಗಪಡಿಸಲಿ. ಯಾವ ವರ್ಷದ ಪಠ್ಯಕ್ರಮವೆಂದು ಮೊದಲ ಪುಟದಲ್ಲಿಯೇ ಹೇಳಲಿ. ಪ್ರತಿ ಅಧ್ಯಾಯವೂ ಮೂಲಪಾಠದ ಪುಟಕ್ಕೆ ಓದುಗನನ್ನು ಕಳುಹಿಸಲಿ. ದಿನಾಂಕ, ಶುಲ್ಕ, ಹಳೆಯ ಪ್ರಶ್ನೆಪತ್ರಿಕೆಗಳಿಗೆ ಎಂದೂ ಬೆಲೆ ಕಟ್ಟದಿರಲಿ. ಬಿಡಿಸಿದ ಅಸೈನ್‌ಮೆಂಟನ್ನು ಎಷ್ಟೇ ಬೇಡಿಕೆಯಿದ್ದರೂ ಮಾರದಿರಲಿ.

1997ರವರೆಗೆ ಅವಿಭಜಿತ ವಿಜಯಪುರ ಜಿಲ್ಲೆಗೆ ಸೇರಿದ್ದ ಮುಧೋಳದ ಬಳೆಗಾರರ ಮನೆತನದಲ್ಲಿ ಹುಟ್ಟಿದ ರನ್ನನು ಅಜಿತಸೇನಾಚಾರ್ಯರ ಶಿಷ್ಯನಾಗಿ ಕಲಿತವನು. ಅತ್ತಿಮಬ್ಬೆಯ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣವನ್ನು ರಚಿಸಿದವನು. ಅಂದು ಶಿಷ್ಯನು ಗುರುವಿದ್ದಲ್ಲಿಗೆ ಹೋಗುತ್ತಿದ್ದ. ಇಂದು ಗುರುವು ಪುಸ್ತಕರೂಪದಲ್ಲಿ ಸಿಂದಗಿಯ, ಬಾಗೇವಾಡಿಯ ಮನೆಬಾಗಿಲಿಗೆ ಬರುತ್ತಾನೆ. ಆ ಗುರುವನ್ನು ಒಳಗೆ ಕರೆದು ಕೂರಿಸುವ ಗೈಡಿಗೆ ಕೊಟ್ಟ ಹಣ ಸಾರ್ಥಕ. ಬಾಗಿಲಲ್ಲಿಯೇ ನಿಲ್ಲಿಸಿ ತಾನೇ ಗುರುವೆಂದು ಒಳಹೊಗುವ ಗೈಡು ಉಚಿತವಾಗಿ ದೊರೆತರೂ ದುಬಾರಿ.