ಶ್ರದ್ಧಾಂಜಲಿಯಲ್ಲಿ ಸಗಣಿಗೆ ಜಾಗವಿಲ್ಲ

ನಮ್ಮಲ್ಲಿ ವಿಜ್ಞಾನಿಗಳನ್ನು ನೆನೆಯೋ ಬರಹಗಳಿಗೆ ಒಂದು ಟೆಂಪ್ಲೇಟು ಇದೆ. ಹುಟ್ಟಿದೂರು, ಓದಿದ ಕಾಲೇಜು, ಬಂದ ಪ್ರಶಸ್ತಿ, ಕೊನೆಗೆ 'ತುಂಬಲಾರದ ನಷ್ಟ'. ಅಮೂಲ್ಯ ರೆಡ್ಡಿಯವರ ಬಗ್ಗೆ ನನ್ನ ಕಣ್ಣಿಗೆ ಬಿದ್ದ ಬರಹಗಳಲ್ಲೂ ಬಹುತೇಕ ಇದೇ ಕತೆ. ಐಐಎಸ್‌ಸಿ ಪ್ರೊಫೆಸರ್, 1974ರಲ್ಲಿ 'ಅಸ್ತ್ರ' ಕಟ್ಟಿದವರು, 2000ದಲ್ಲಿ ವೋಲ್ವೊ ಪರಿಸರ ಪ್ರಶಸ್ತಿ, 2006ರಲ್ಲಿ ನಿಧನ. ಎಲ್ಲಾ ಸರಿ. ಆದ್ರೆ ಇಷ್ಟೂ ಓದಿದ ಮೇಲೂ ಆ ಮನುಷ್ಯ ಮಾಡಿದ್ದೇನು ಅಂತ ಗೊತ್ತಾಗಲ್ಲ.

ಮೂಲತಃ ಅವರು ಎಲೆಕ್ಟ್ರೋಕೆಮಿಸ್ಟ್. ಬೋಕ್ರಿಸ್ ಜೊತೆ ಬರೆದ ಪಠ್ಯಪುಸ್ತಕವೊಂದೇ ಸಾಕಿತ್ತು, ಜೀವನಪೂರ್ತಿ ಹೆಸರಿನ ಮೇಲೆ ಬದುಕಬಹುದಿತ್ತು. ಅದು ಬಿಟ್ಟು ಅವರ ತಂಡ ಹಳ್ಳಿಗಳಿಗೆ ಹೋಗಿ ಲೆಕ್ಕ ಹಾಕ್ತು: ಒಂದು ಮನೆಗೆ ಎಷ್ಟು ಸೌದೆ ಬೇಕು, ತರೋರು ಯಾರು, ನೀರು ಹೊರೋರು ಯಾರು. ಸುಡೋ ಇಂಧನದಲ್ಲಿ ಸೌದೆಯದ್ದೇ ಸಿಂಹಪಾಲು. ಮೈಮುರಿದು ದುಡಿಯೋದ್ರಲ್ಲಿ ಗಂಡಸರಿಗಿಂತ ಹೆಂಗಸರ ಪಾಲೇ ಹೆಚ್ಚು. ಸೌದೆ ಹೊರೆ ಹೊತ್ತು ಬರೋ ಅಮ್ಮನ್ನ ನೋಡಿ ಬೆಳೆದ ನನಗೆ ಇದು ಹೊಸ ವಿಷಯವಲ್ಲ. ಆ ಹೊರೆಯನ್ನ 'ಎನರ್ಜಿ' ಅನ್ನೋ ಕಾಲಮ್ಮಲ್ಲಿ ಬರೆದುಕೊಂಡರಲ್ಲ, ಅದು ಹೊಸದು.

ಆಮೇಲೆ ಕುಣಿಗಲ್ ತಾಲ್ಲೂಕಿನ ಪುರ. ಊರಿನ ಸಗಣಿಯೆಲ್ಲ ಒಂದೇ ಕಡೆ ಹಾಕಿ, ಮನೆಮನೆಗೆ ಅಡುಗೆ ಗ್ಯಾಸ್ ಕೊಡೋದು ಮೊದಲ ಯೋಜನೆ. ನಡೀಲಿಲ್ಲ. ಎಲ್ಲರ ಒಲೆಗೂ ಸಾಲುವಷ್ಟು ಗ್ಯಾಸ್ ಬರಲಿಲ್ಲ. ಜನಕ್ಕೆ ಮೊದಲು ಬೇಕಿದ್ದದ್ದು ಕುಡಿಯೋ ನೀರು. ಸೌದೆಗೆ ಅವರು ದುಡ್ಡು ಕೊಡ್ತಿರಲಿಲ್ವಲ್ಲ! ಆಗ ತಂಡ ದಾರಿ ಬದಲಿಸ್ತು. 1987ರಿಂದ ಅದೇ ಗ್ಯಾಸನ್ನು ಡೀಸೆಲ್ ಎಂಜಿನ್‌ಗೆ ಕೊಟ್ಟು ಕರೆಂಟ್ ಮಾಡಿ, ಬೋರ್‌ವೆಲ್ ನೀರೆತ್ತಿ ನಲ್ಲಿಗೆ ಬಿಟ್ಟರು, ಮನೆಗಳಿಗೆ ಲೈಟ್ ಕೊಟ್ಟರು. ಸಗಣಿ ತಂದವರಿಗೆ ದುಡ್ಡು, ಗೊಬ್ಬರವಾಗಿ ಬಗ್ಗಡ ವಾಪಸ್. ಪ್ಲಾಂಟ್ ನಡೆಸ್ತಿದ್ದದ್ದು ಊರಿನದೇ ಹುಡುಗರು. ವರ್ಷಗಟ್ಟಲೆ ನಡೀತು, ಕೊನೆಗೆ ನಿಂತೂ ಹೋಯ್ತು. 2004ರಲ್ಲಿ ರೆಡ್ಡಿಯವರೇ ಕೂತು ಪುರದ ಪಾಠಗಳ ಬಗ್ಗೆ ಒಂದು ಲೇಖನ ಬರೆದರು.

ನಮ್ಮ ಫೀಲ್ಡಲ್ಲಿ ಸರ್ವರ್ ಬಿದ್ದರೆ ಆರ್‌ಸಿಎ ಬರೀತೀವಿ, ಅದೂ ಮ್ಯಾನೇಜರ್ ಬೆನ್ನು ಬಿದ್ದ ಮೇಲೆ. ಇವರದ್ದು ತಾವೇ ಬರೆದದ್ದು. ಶ್ರದ್ಧಾಂಜಲಿಕಾರರು ಬಿಟ್ಟುಬಿಡೋದು ಸರಿಯಾಗಿ ಇದನ್ನೇ. ಸೋತ ಯೋಜನೆ ಹೇಳಿದರೆ ಸತ್ತವರಿಗೆ ಅವಮಾನ ಅನ್ನೋ ಭಾವನೆಯೋ ಏನೋ. ನನ್ನ ಪ್ರಕಾರ ಅವರ ವೃತ್ತಿಜೀವನದ ಅತ್ಯುತ್ತಮ ಭಾಗವೇ ಅದು, ಬೋಕ್ರಿಸ್ ಪುಸ್ತಕಕ್ಕಿಂತ.

ಇನ್ನೊಂದು ತಕರಾರು. ಅವರನ್ನು 'ಸೋಲಾರ್ ಯುಗದ ಮುಂಗಾಣ್ಕೆಯ ಋಷಿ' ಮಾಡೋದು. ಅದೇ ತುಮಕೂರು ಜಿಲ್ಲೆಯ ಪಾವಗಡದಲ್ಲಿ ಇವತ್ತು 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ, ಸುಮಾರು 13,000 ಎಕರೆ, ರೈತರಿಂದ ಗುತ್ತಿಗೆಗೆ ಪಡೆದದ್ದು. ಇದು ರೆಡ್ಡಿಯವರ ಕನಸು ಅಂದರೆ ನಾನು ಒಪ್ಪಲ್ಲ. ಎಷ್ಟು ಮೆಗಾವ್ಯಾಟ್ ಅನ್ನೋದಕ್ಕಿಂತ ಮೊದಲು ಅವರು ಯಾರಿಗೆ, ಯಾವ ಕೆಲಸಕ್ಕೆ ಅಂತ ಕೇಳ್ತಿದ್ದರು. ಗೋಲ್ಡೆಂಬರ್ಗ್ ಮತ್ತಿತರರ ಜೊತೆ 1985ರಲ್ಲಿ ತೋರಿಸಿದ್ದೂ ಇದನ್ನೇ: ದಕ್ಷ ಯಂತ್ರಗಳಿದ್ದರೆ ತಲೆಗೆ ಒಂದು ಕಿಲೋವ್ಯಾಟ್‌ನಲ್ಲಿ ಮೂಲ ಅಗತ್ಯ ಮುಗಿದು ಇನ್ನೂ ಮಿಗುತ್ತೆ. ಪಾವಗಡ ಬೇಡ ಅಂತಲ್ಲ. ಆ ಕರೆಂಟಲ್ಲೇ ನನ್ನ ಲ್ಯಾಪ್‌ಟಾಪೂ ಓಡ್ತಿರಬಹುದು.

ಮುಂದಿನ ಸಲ ಯಾರಾದರೂ ಅವರ ಬಗ್ಗೆ ಬರೆಯೋದಾದ್ರೆ ವೋಲ್ವೊ ಪ್ರಶಸ್ತಿಗೆ ಒಂದು ಸಾಲು ಸಾಕು. ಪುರದ ಲೇಖನ ಓದಿ, ಪ್ಲಾಂಟ್ ನಡೆಸಿದ ಆ ಹುಡುಗರನ್ನ ಹುಡುಕಿಕೊಂಡು ಹೋಗಿ. ಬೆಂಗಳೂರಿಂದ ಕುಣಿಗಲ್ ಏನು ಮಹಾ ದೂರ?