ತಲೆಸುತ್ತಿಗೆ ತಲೆ ತಿರುಗಿಸುವುದೇ ಮದ್ದು

ಮಗ್ಗುಲು ಬದಲಿಸಿದರೆ ಸಾಕು, ಇಡೀ ಮನೆ ಗಿರ್ರನೆ ತಿರುಗುತ್ತದೆ ಎಂದು ಮನೆಯ ಹಿರಿಯರು ಹೇಳಿದಾಗ ನಮ್ಮಲ್ಲಿ ಉತ್ತರ ಸಿದ್ಧವಿರುತ್ತದೆ. ಪಿತ್ತ ಕೆದರಿದೆ, ಬಿಪಿ ಇಳಿದಿದೆ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿಲ್ಲ. ಔಷಧದಂಗಡಿಯಿಂದ ಒಂದು ಸ್ಟ್ರಿಪ್ ಮಾತ್ರೆ ಬರುತ್ತದೆ. ಆಮೇಲೆ ಅವರು ವಾರಗಟ್ಟಲೆ ಕತ್ತು ಅಲುಗಿಸದೆ ಇದ್ದುಬಿಡುತ್ತಾರೆ. ಕೆಡುವುದು ಅಲ್ಲೇ. ಒಳಗಿವಿಯಿಂದ ಬರುವ ತಲೆಸುತ್ತಿಗೆ ಅಲುಗದಿರುವುದಕ್ಕಿಂತ ಕೆಟ್ಟ ಪಥ್ಯ ಇನ್ನೊಂದಿಲ್ಲ.

ಫಿಸಿಯೋಥೆರಪಿ ಎಂದರೆ ಮಂಡಿ, ಸೊಂಟ, ಭುಜ ಅಷ್ಟೇ ಅಲ್ಲ. ಕಣ್ಣನ್ನು ನೋಡಿ ಕಿವಿಯ ಕಷ್ಟ ಹೇಳುವ ಒಂದು ಕವಲೂ ಅದಕ್ಕಿದೆ. ಅದರಲ್ಲಿ ಪಳಗಿದವರ ಕೆಲಸವನ್ನು ಹತ್ತಿರದಿಂದ ನೋಡಬೇಕು. ರೋಗಿಯನ್ನು ಮಂಚದ ಮೇಲೆ ಕಾಲು ಚಾಚಿ ಕೂರಿಸಿ, ತಲೆಯನ್ನು 45 ಡಿಗ್ರಿ ಬಲಕ್ಕೆ ತಿರುಗಿಸಿ, ಸರಕ್ಕನೆ ಹಿಂದಕ್ಕೆ ಮಲಗಿಸುತ್ತಾರೆ. ತಲೆ ಮಂಚದಂಚಿನಿಂದ ತುಸು ಕೆಳಕ್ಕೆ ಇಳಿದಿರಬೇಕು. ‘ಕಣ್ಣು ಮುಚ್ಚಬೇಡಿ, ನನ್ನ ಮೂಗು ನೋಡ್ತಾ ಇರಿ.’ ಕೆಲವು ಸೆಕೆಂಡು ಏನೂ ಇಲ್ಲ. ಆಮೇಲೆ ಕಣ್ಣುಗುಡ್ಡೆಗಳು ಸುತ್ತುತ್ತಾ ಮೇಲಕ್ಕೆ ಚಿಮ್ಮತೊಡಗುತ್ತವೆ. ರೋಗಿ ಥೆರಪಿಸ್ಟರ ತೋಳು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ. ನಿಮಿಷದೊಳಗೆ ಎಲ್ಲ ಶಾಂತ. ಡಿಕ್ಸ್ ಮತ್ತು ಹಾಲ್‌ಪೈಕ್ 1952ರಲ್ಲಿ ವಿವರಿಸಿದ ಪರೀಕ್ಷೆ ಇದು. ಬಲಗಿವಿಯ ಹಿಂದಿನ ಅರ್ಧವೃತ್ತ ನಾಳದೊಳಗೆ ಕ್ಯಾಲ್ಸಿಯಂ ಕಾರ್ಬೊನೇಟಿನ ಹರಳುಗಳು ಜಾರಿ ಬಿದ್ದಿವೆ ಎಂಬುದನ್ನು ಆ ಕಣ್ಣುಗಳೇ ಹೇಳಿಬಿಡುತ್ತವೆ. ಅದೇ ಕಣ್ಣು ನೇರ ಕೆಳಕ್ಕೆ ಚಿಮ್ಮುತ್ತಾ ನಿಲ್ಲದೇ ಹೋದರೆ, ಮಾತು ತೊದಲಿದರೆ, ಥೆರಪಿಸ್ಟರು ಅಲ್ಲಿಗೇ ಕೈಬಿಟ್ಟು ನರರೋಗ ತಜ್ಞರ ಬಳಿಗೆ ಕಳಿಸುತ್ತಾರೆ. ಎಲ್ಲಿ ಮುಂದುವರಿಯಬಾರದು ಎಂಬ ಈ ತಿಳಿವಳಿಕೆಗೇ ನನ್ನ ಮೊದಲ ಗೌರವ.

ಹರಳೇ ಆಗಿದ್ದರೆ ದಾರಿ ಸುಲಭ. ಅಮೆರಿಕದ ಪೋರ್ಟ್‌ಲ್ಯಾಂಡಿನ ವೈದ್ಯ ಜಾನ್ ಎಪ್ಲಿ ತೋರಿಸಿಕೊಟ್ಟಂತೆ ತಲೆಯನ್ನು ಎಡಕ್ಕೆ ಹೊರಳಿಸಿ, ಮೈಯನ್ನೂ ಎಡಮಗ್ಗುಲಾಗಿಸಿ, ಮೂಗು ನೆಲ ನೋಡುವಂತೆ ಮಾಡಿ, ಎಬ್ಬಿಸಿ ಕೂರಿಸುವುದು. ಟೊಳ್ಳು ಬಳೆಯೊಳಗೆ ಸೇರಿದ ಮರಳುಕಾಳನ್ನು ಬಳೆ ತಿರುಗಿಸುತ್ತಾ ತೂತಿನ ಹತ್ತಿರ ತಂದ ಹಾಗೆ. ತಲೆ ಹೊರಳಿಸಿದರೆ ರೋಗ ಹೋಗುತ್ತದೆಂದರೆ ಅವರ ಓರಗೆಯ ವೈದ್ಯರೇ ಬಹುಕಾಲ ನಂಬಲಿಲ್ಲ. ಅವರ ಪ್ರಬಂಧ ಅಚ್ಚಾದದ್ದು 1992ರಲ್ಲಿ. ಇಂದು ಎಷ್ಟೋ ಜನ ಒಂದೆರಡು ಸಲಕ್ಕೇ ಗುಣವಾಗುತ್ತಾರೆ.

ಕಷ್ಟದ ಕೆಲಸ ಬೇರೆಯೇ ಇದೆ. ಸಮತೋಲನದ ನರಕ್ಕೆ ಉರಿಯೂತ ಬಂದು ಒಂದು ಕಿವಿಯೇ ಸುಮ್ಮನಾದವರಲ್ಲಿ ತೆಗೆದುಹಾಕಲು ಹರಳಿರುವುದಿಲ್ಲ. ಮಿದುಳೇ ಮತ್ತೆ ಕಲಿಯಬೇಕು. ನಾವು ತಲೆಯನ್ನು ಬಲಕ್ಕೆ ತಿರುಗಿಸಿದಾಗ ಕಣ್ಣು ಅಷ್ಟೇ ಎಡಕ್ಕೆ ಸರಿಯುವುದರಿಂದಲೇ ನಡೆಯುತ್ತಾ ಅಂಗಡಿಯ ಬೋರ್ಡು ಓದುತ್ತೇವೆ. ಆ ಹೊಂದಿಕೆ ತಪ್ಪಿದವರಿಗೆ ಹೆಜ್ಜೆಹೆಜ್ಜೆಗೂ ಲೋಕ ಅಲುಗುತ್ತದೆ. ಇಂಥವರಿಗೆ ವ್ಯಾಯಾಮ ಬೇಕೆಂದು 1940ರ ದಶಕದಲ್ಲೇ ಇಂಗ್ಲೆಂಡಿನ ಕಾಥಾರ್ನ್ ಮತ್ತು ಕೂಕ್ಸಿ ಹೇಳಿದ್ದರು. ಯಾವ ವ್ಯಾಯಾಮ ಎಂದು ಪಟ್ಟುಹಿಡಿದು ಕೇಳಿದವರಲ್ಲಿ ಫಿಸಿಯೋಥೆರಪಿಸ್ಟ್ ಸೂಸನ್ ಹರ್ಡ್‌ಮನ್ ಮುಖ್ಯರು. ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು. ಈ ಚಿಕಿತ್ಸೆಯ ಬಗ್ಗೆ ಅವರು ಸಂಪಾದಿಸಿದ ಪಠ್ಯಪುಸ್ತಕ 1994ರಲ್ಲಿ ಬಂತು. ಅವರೂ ಸಂಗಡಿಗರೂ 2003ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಬಲು ಪ್ರಿಯ. ಒಂದು ಗುಂಪು ಅಕ್ಷರದ ಮೇಲೆ ಕಣ್ಣು ನೆಟ್ಟು ತಲೆ ಆಡಿಸಿತು. ಇನ್ನೊಂದು ತಲೆ ಅಲುಗಿಸದೆ ಬರೀ ಕಣ್ಣು ಆಡಿಸಿತು. ತಲೆ ಆಡುತ್ತಿರುವಾಗಲೂ ಅಕ್ಷರ ಓದುವ ಶಕ್ತಿ ಚೇತರಿಸಿದ್ದು ಮೊದಲ ಗುಂಪಿನಲ್ಲಿ.

ಅಂದರೆ ಅಕ್ಷರ ಮಸುಕಾಗಬೇಕು, ತುಸು ಸುತ್ತೂ ಬರಬೇಕು. ಆ ತಪ್ಪನ್ನು ತಿದ್ದುತ್ತಲೇ ಮಿದುಳು ಕಲಿಯುತ್ತದೆ. ಸುತ್ತು ಬರದಿರಲೆಂದು ತಿಂಗಳುಗಟ್ಟಲೆ ನುಂಗುವ ಮಂಪರಿನ ಮಾತ್ರೆ ಈ ಕಲಿಕೆಗೇ ಅಡ್ಡಿ. ಥೆರಪಿಸ್ಟರ ಹದ ಇರುವುದು ಅಳತೆಯಲ್ಲಿ. ಕಡಿಮೆಯಾದರೆ ಕಲಿಕೆಯಿಲ್ಲ, ಹೆಚ್ಚಾದರೆ ವಾಂತಿಯಾಗಿ ರೋಗಿ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಸಮತೋಲನದ ಪರೀಕ್ಷೆಗಳು ನಡೆಯುತ್ತವೆ. ಅಷ್ಟು ದೂರ ಹೋಗಲಾಗದಿದ್ದರೆ ನಿಮ್ಮೂರಿನ ವೈದ್ಯರನ್ನೇ ಕೇಳಿ: ಅಮ್ಮನನ್ನು ಮಲಗಿಸಿ ಕಣ್ಣು ನೋಡಿದಿರಾ? ಅದಕ್ಕೆ ಬೇಕಾದದ್ದು ಒಂದು ಮಂಚ, ಎರಡು ಕೈ, ಐದು ನಿಮಿಷ.