ರಾಕ್ ಶೋದಲ್ಲಿ ಅಪ್ಪನ ಮದ್ದಳೆ

ಮೊದಲೇ ಹೇಳಿಬಿಡ್ತೀನಿ, ನಾನು ರಘು ದೀಕ್ಷಿತ್ ಅಭಿಮಾನಿ. 2008ರಲ್ಲಿ ಅವರ ಮೊದಲ ಆಲ್ಬಂ ಬಂದಾಗ ನಾನು ಬಳ್ಳಾರಿಯಲ್ಲಿ ಬಿಇ ಓದ್ತಿದ್ದೆ. ಕುರುಗೋಡಿನಿಂದ ಕಾಲೇಜಿಗೆ ಬರೋ ಬಸ್ಸಿನಲ್ಲಿ ಗೆಳೆಯನ ಇಯರ್‌ಫೋನಿನ ಒಂದು ತುದಿ ನನ್ನ ಕಿವಿಗೆ. ಊರಿನ ಭಜನೆಯಲ್ಲಿ ಕೇಳಿದ್ದ ಶರೀಫಜ್ಜನ ತತ್ವಪದಕ್ಕೆ ಗಿಟಾರು, ಡ್ರಮ್ಸು! ಕ್ಲಾಸಿನಲ್ಲಿ ಇಂಗ್ಲಿಷಿಗೆ ತಡವರಿಸುತ್ತಿದ್ದ ನನಗೆ ಅದೊಂದು ಧೈರ್ಯ.

ಬೆಂಗಳೂರಿಗೆ ಬಂದಮೇಲೆ ಅವರ ಲೈವ್ ಶೋ ಐದಾರು ನೋಡಿದೀನಿ. ಲುಂಗಿ, ಕಾಲಿಗೆ ಗೆಜ್ಜೆ, ಆ ತುಂಬು ದನಿ. ಹತ್ತು ನಿಮಿಷದಲ್ಲಿ ಇಡೀ ಮೈದಾನ ಕುಣೀತಿರುತ್ತೆ. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವಕ್ಕೂ ಹೋಗಿ ಹಾಡಿ ಬಂದವರು. ಇದರಲ್ಲಿ ನನ್ನ ತಕರಾರಿಲ್ಲ.

ತಕರಾರು ಬೇರೆ. ಎಲ್ಲಿ ಚಪ್ಪಾಳೆ ಕೇಳ್ತಾರೆ, ಎಲ್ಲಿ ಕುಣೀರಿ ಅಂತಾರೆ, ನನಗೀಗ ಬಾಯಿಪಾಠ. ನಡುವೆ ಕೊಳಲು ಮತ್ತು ಗಿಟಾರು ಹಾಡು ಬಿಟ್ಟು ತಮ್ಮಷ್ಟಕ್ಕೆ ಮಾತಿಗಿಳಿಯುತ್ತವೆ. ಮುಂದೇನು ಅಂತ ಡ್ರಮ್ಮರು ಅವರ ಮುಖ ನೋಡ್ತಾನೆ. ರಾಕ್‌ನವರು ಜ್ಯಾಮಿಂಗ್ ಅನ್ನೋದು, ನಮ್ಮ ಸಂಗೀತಗಾರರು ಮನೋಧರ್ಮ ಅನ್ನೋದು ಇದನ್ನೇ. ನನಗೆ ಇಡೀ ಶೋದಲ್ಲಿ ಪ್ರಾಣ ಇರೋದು ಅಲ್ಲಿ. ಆದರೆ ಎರಡೇ ನಿಮಿಷಕ್ಕೆ ಮತ್ತೆ ಎಲ್ಲರಿಗೂ ಗೊತ್ತಿರೋ ಪಲ್ಲವಿ.

ಕೊನೇ ಸಲ ಅಪ್ಪನ್ನೂ ಕರ್ಕೊಂಡು ಹೋಗಿದ್ದೆ. ಸಿರುಗುಪ್ಪ ಕಡೆ ಭತ್ತ ಮಿಲ್ಲಿಗೆ ಹೋದಮೇಲೆ ನಡೆಯೋ ಬಯಲಾಟಗಳಲ್ಲಿ ಮೂವತ್ತು ವರ್ಷ ಮದ್ದಳೆ ಬಾರಿಸಿದ ಮನುಷ್ಯ. ಹೆಂಗಿತ್ತಪ್ಪಾ ಅಂದೆ.

“ಹುಡುಗ್ರು ಚೊಲೋ ಬಾರಿಸ್ತಾರ. ಆದ್ರ ಯಾರಿಗೂ ಕಾಯಂಗಿಲ್ಲಲ್ಲಪ್ಪ” ಅಂದ.

ಅರ್ಥವಾಗೋಕೆ ನನಗೆ ಮೆಟ್ರೋ ಮನೆ ಮುಟ್ಟಬೇಕಾಯ್ತು. ರಾತ್ರಿ ಮೂರಕ್ಕೆ ಪಾತ್ರಧಾರಿಯ ಕಿರೀಟ ಕಟ್ಟೋದು ಮುಗಿದಿರೋದಿಲ್ಲ. ಹಿಮ್ಮೇಳ ಅದೇ ಹಾಡನ್ನ ಎಳೀಬೇಕು. ಮಾತು ಮರೆತರೆ ಮದ್ದಳೆ ತುಂಬಬೇಕು. ಅಲ್ಲಿ ಮನೋಧರ್ಮ ಶೋಕಿಯಲ್ಲ, ಪಕ್ಕದವನನ್ನು ಬೀಳಗೊಡದ ಜವಾಬ್ದಾರಿ.

ಅಮೆರಿಕದ ಗ್ರೇಟ್‌ಫುಲ್ ಡೆಡ್ ಬ್ಯಾಂಡು ತನ್ನ ಶೋಗಳನ್ನು ರೆಕಾರ್ಡ್ ಮಾಡಿಕೊಳ್ಳೋಕೆ ಅಭಿಮಾನಿಗಳಿಗೇ ಬಿಡ್ತಿತ್ತು. ನಿನ್ನೆಯ ಹಾಡು ಇವತ್ತಿನ ಹಾಗಿರ್ತಿರಲಿಲ್ಲ, ಹಾಗಾಗಿ ಜನ ಒಂದೇ ಹಾಡಿನ ನೂರು ಕ್ಯಾಸೆಟ್ ಕೂಡಿಟ್ಟರು. ನಾವು? ಕೊಳಲು ಶುರುವಾದ ಕೂಡಲೇ ಫೋನು ಕೆಳಗಿಳಿಸ್ತೀವಿ. ಹಾಡು ಆಲ್ಬಂನಲ್ಲಿದ್ದಂಗೇ ಬರಬೇಕು ನಮಗೆ.

ಆ ಸಂಜೆ ಕೊಳಲಿನವನು ಕಣ್ಣು ಮುಚ್ಚಿ ಎಲ್ಲಿಗೋ ಹೊರಟಿದ್ದ. ಆಗ ಹಿಂದಿನಿಂದ ‘ಗುಡುಗುಡಿ ಹಾಡ್ರೀ’ ಅಂತ ಒಬ್ಬ ಜೋರಾಗಿ ಕೂಗಿದ. ಅಪ್ಪ ನನ್ನ ಮುಖ ನೋಡಿದ. ಕೂಗಿದ್ದು ನಾನೇ.